ಇಸಾಕನ ಬಾವಿಗಳೂ ನಮ್ಮ ಮೆಟ್ರೊ ನಿಲ್ದಾಣಗಳೂ

ವೈಯಾಲಿಕಾವಲಿನಿಂದ ಹೊರಟು, ಮಲ್ಲೇಶ್ವರದ ತುದಿಯಲ್ಲಿರುವ ಸಂಪಿಗೆ ರಸ್ತೆಯ ನಿಲ್ದಾಣದಲ್ಲಿ ನೀವು ಮೆಟ್ರೊ ರೈಲನ್ನು ಹತ್ತಿದಿರೆನ್ನಿ. ಬಾಗಿಲು ಮುಚ್ಚಿಕೊಂಡ ಮೇಲೆ ಒಂದೊಂದಾಗಿ ಹೆಸರುಗಳು ಕಿವಿಗೆ ಬೀಳತೊಡಗುತ್ತವೆ. ದಕ್ಷಿಣಕ್ಕೆ ಹೋದರೆ ಮೆಜೆಸ್ಟಿಕ್, ಚಿಕ್ಕಪೇಟೆ, ಕೃಷ್ಣರಾಜೇಂದ್ರ ಮಾರುಕಟ್ಟೆ, ನ್ಯಾಷನಲ್ ಕಾಲೇಜು, ಲಾಲ್‌ಬಾಗ್. ಉತ್ತರಕ್ಕೆ ಹೋದರೆ ಶ್ರೀರಾಮಪುರ, ಮಹಾಕವಿ ಕುವೆಂಪು ರಸ್ತೆ, ರಾಜಾಜಿನಗರ, ಮಹಾಲಕ್ಷ್ಮಿ, ಸ್ಯಾಂಡಲ್ ಸೋಪ್ ಫ್ಯಾಕ್ಟರಿ, ಯಶವಂತಪುರ. ಪೇಟೆಯೊಂದು, ತೋಟವೊಂದು, ಕವಿಯೊಬ್ಬರು, ದೇವಿಯೊಬ್ಬಳು, ಸಾಬೂನಿನ ಕಾರ್ಖಾನೆಯೊಂದು ಒಂದೇ ಸಾಲಿನಲ್ಲಿ ಕುಳಿತಿದ್ದಾರೆ. ದಿನವೂ ಕೇಳಿಸಿಕೊಳ್ಳುವ ಈ ಹೆಸರುಗಳನ್ನು ಇಟ್ಟವರಾರು, ಯಾವ ಆಧಾರದ ಮೇಲೆ ಇಟ್ಟರು ಎಂದು ನಾವು ಕೇಳಿಕೊಳ್ಳುವುದು ಅಪರೂಪ.

ಆದರೆ 2025ರ ಸೆಪ್ಟೆಂಬರ್ ತಿಂಗಳಿನಲ್ಲಿ ಈ ಪ್ರಶ್ನೆ ನಮ್ಮ ದೇವಾಲಯದ ಹೊಸ್ತಿಲಿಗೇ ಬಂದು ನಿಂತಿತು. ಸೆಪ್ಟೆಂಬರ್ 8ರಂದು, ಮಾತೆ ಮರಿಯಮ್ಮನವರ ಜನನೋತ್ಸವದ ದಿನ, ಶಿವಾಜಿನಗರದ ಸಂತ ಮರಿಯಮ್ಮನವರ ಬೆಸಿಲಿಕಾಕ್ಕೆ ಬಂದಿದ್ದ ಮುಖ್ಯಮಂತ್ರಿ ಸಿದ್ದರಾಮಯ್ಯನವರು, ಅಲ್ಲಿನ ಮೆಟ್ರೊ ನಿಲ್ದಾಣಕ್ಕೆ ಸಂತ ಮೇರಿಯವರ ಹೆಸರಿಡುವಂತೆ ಕೇಂದ್ರ ಸರ್ಕಾರಕ್ಕೆ ಶಿಫಾರಸು ಮಾಡುವುದಾಗಿ ಭರವಸೆಯಿತ್ತರು. ಕೆಲವೇ ದಿನಗಳಲ್ಲಿ ಅದು ವಿವಾದವಾಯಿತು. ಛತ್ರಪತಿ ಶಿವಾಜಿಯ ಹೆಸರನ್ನು ತೆಗೆಯುವುದು ಆತನಿಗೆ ಮಾಡುವ ಅವಮಾನವೆಂದು ಮಹಾರಾಷ್ಟ್ರದ ಮುಖ್ಯಮಂತ್ರಿಗಳು ಖಂಡಿಸಿದರು. ಬೆಂಗಳೂರಿಗೆ ಮೆಟ್ರೊ ಬೇಕೆಂದು ದಶಕಗಳ ಹಿಂದೆಯೇ ಕನಸು ಕಂಡಿದ್ದ ಶಂಕರ್ ನಾಗ್ ಅವರ ಹೆಸರನ್ನು ಇಡಬಾರದೇಕೆ ಎಂದು ಕನ್ನಡಿಗರು ಅನೇಕರು ಕೇಳಿದರು. ನಮ್ಮ ಮನೆಗಳಲ್ಲಿ ಕೆಲವರು ಹಿಗ್ಗಿದರು, ಕೆಲವರು ಅಳುಕಿದರು.

ಹಿಗ್ಗೂ ಸಹಜ, ಅಳುಕೂ ಸಹಜ. ಇವೆರಡರ ನಡುವೆ ನಿಂತು, ಒಂದು ನೆಲಕ್ಕೆ ಹೆಸರು ಹೇಗೆ ಅಂಟಿಕೊಳ್ಳುತ್ತದೆ ಎಂಬುದನ್ನು ಚರಿತ್ರೆಯ ಬೆಳಕಿನಲ್ಲಿ ನೋಡಿ, ಕ್ರೈಸ್ತರಾದ ನಾವು ಏನನ್ನು ಕೇಳಬೇಕು, ಹೇಗೆ ಕೇಳಬೇಕು ಎಂದು ನಿಮ್ಮೊಡನೆ ವಿಚಾರ ಮಾಡುವುದೇ ಈ ಬರಹದ ಉದ್ದೇಶ.

ಕಾವಲಿನ ಹೆಸರು

ಮೊದಲು ನಮ್ಮ ವೈಯಾಲಿಕಾವಲನ್ನೇ ನೋಡೋಣ. ‘ಕಾವಲ್’ ಎಂದರೆ ಕಾಯ್ದಿಟ್ಟ ಹುಲ್ಲುಗಾವಲು. ಮೈಸೂರು ಸಂಸ್ಥಾನದಲ್ಲಿ ಇಂತಹ ಕಾವಲುಗಳಿಗೆ ದೊಡ್ಡ ಚರಿತ್ರೆಯಿದೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ‘ಬೆಣ್ಣೆ ಚಾವಡಿ’ ಎಂದು ಕರೆಯಲಾಗುತ್ತಿದ್ದ ಅರಮನೆಯ ದನಗಳ ಇಲಾಖೆ ಟಿಪ್ಪುಸುಲ್ತಾನನ ಕಾಲದಲ್ಲಿ ‘ಅಮೃತ ಮಹಲ್’ ಆಯಿತು. ಅದರ ರಾಸುಗಳು ಮೇಯುವುದಕ್ಕೆ ನಾಡಿನ ಉದ್ದಗಲಕ್ಕೂ ಕಾವಲುಗಳಿದ್ದವು. ಬೆಂಗಳೂರಿನ ಸುತ್ತಲೂ ಕಾವಲ್ ಭೈರಸಂದ್ರ, ಜಾರಕಬಂಡೆ ಕಾವಲ್ ಎಂಬ ಹೆಸರುಗಳು ಇಂದಿಗೂ ಉಳಿದಿವೆ.

ಇನ್ನು ‘ವೈಯಾಲಿ’. ಹಳೆಯ ಕನ್ನಡದಲ್ಲಿ ವೈಯಾಳಿ, ವೈಹಾಳಿ ಎಂಬ ಮಾತುಗಳಿವೆ. ಕುದುರೆಯ ಸವಾರಿ, ಕುದುರೆಯನ್ನು ಪಳಗಿಸಿ ಓಡಿಸುವುದು ಎಂದು ಅವುಗಳ ಅರ್ಥ. ಸಂಸ್ಕೃತದಲ್ಲಿ ಇದು ‘ವಾಹ್ಯಾಲಿ’. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಕುದುರೆಗಳ ವಾಹ್ಯಾಲಿ ರಾಜರ ವಿನೋದಗಳಲ್ಲಿ ಒಂದೆಂದು ವರ್ಣಿತವಾಗಿದೆ. ಈ ಮಾತುಗಳನ್ನು ಜೊತೆಗಿಟ್ಟು ನೋಡಿದರೆ, ಚೌಡಯ್ಯ ಸ್ಮಾರಕ ಭವನದ ಆಸುಪಾಸಿನ ಈ ಬೀದಿಗಳಲ್ಲಿ ಒಂದು ಕಾಲಕ್ಕೆ ಹುಲ್ಲು ಬೆಳೆದು ಕುದುರೆಗಳು ಓಡಿದ್ದವೆಂದು ಊಹಿಸುವುದು ಕಷ್ಟವಲ್ಲ. ಹುಲ್ಲೂ ಇಲ್ಲ, ಕುದುರೆಯೂ ಇಲ್ಲ. ಆದರೂ ನಾವು ಮನೆಯ ವಿಳಾಸ ಬರೆಯುವಾಗಲೆಲ್ಲ ಅವೆರಡನ್ನೂ ಬರೆಯುತ್ತೇವೆ. ಇಂಗ್ಲಿಷಿನ ಅಕ್ಷರಗಳಲ್ಲಿ ಬರೆಯುವಾಗ ನಡುವಿನ ಒಂದು ಉಚ್ಚಾರವನ್ನು ನುಂಗಿ ‘ವ್ಯಾಲಿಕಾವಲ್’ ಮಾಡಿಬಿಡುತ್ತೇವೆ. ಮಕ್ಕಳು ಅದನ್ನೇ ಓದಿ ಹಾಗೆಯೇ ಉಚ್ಚರಿಸುತ್ತಾರೆ. ಅಷ್ಟರಿಂದಲೇ ಒಂದು ಮಾತಿನ ಬೇರು ಕಣ್ಮರೆಯಾಗುತ್ತದೆ.

ನೆರೆಯ ಮಲ್ಲೇಶ್ವರದ ಕಥೆಯೂ ಹೀಗೆಯೇ. ಕಾಡು ಮಲ್ಲೇಶ್ವರ ದೇಗುಲದ 1669ರ ಶಾಸನದಲ್ಲಿ ಈ ಸ್ಥಳವನ್ನು ‘ಮಲ್ಲಪುರ’ ಎಂದು ಕರೆಯಲಾಗಿದೆ. ಮೇದರನಿಂಗನಹಳ್ಳಿ ಎಂಬ ಊರನ್ನು ಆ ದೇವರ ಸೇವೆಗೆ ಬಿಟ್ಟುಕೊಟ್ಟ ದಾನದ ಶಾಸನವದು. ಮೇದರನಿಂಗನಹಳ್ಳಿ ಇಂದು ನಗರದ ಹೊಟ್ಟೆಯಲ್ಲಿ ಕರಗಿಹೋಗಿದೆ. ಕಲ್ಲಿನ ಮೇಲೆ ಬರೆದಿದ್ದರಿಂದ ಹೆಸರು ಮಾತ್ರ ಉಳಿದಿದೆ. ದಾನ ಕೊಟ್ಟವನು ಏಕೋಜಿ, ಛತ್ರಪತಿ ಶಿವಾಜಿಯ ಸಹೋದರ. 1638ರಲ್ಲಿ ಅವರ ತಂದೆ ಶಹಾಜಿಗೆ ಬೆಂಗಳೂರು ಜಹಗೀರಿಯಾಗಿ ಬಂದಿತ್ತು. ಹೀಗಾಗಿ ಶಿವಾಜಿಯ ಮನೆತನ ಈ ಊರಿಗೆ ಹೊರಗಿನದೇನಲ್ಲ ಎಂಬುದನ್ನು ಮಲ್ಲೇಶ್ವರದ ಸುತ್ತ ವಾಸಿಸುವ ನಾವಾದರೂ ನೆನಪಿಡಬೇಕು.

ಇಟ್ಟ ಹೆಸರು, ಉಳಿದ ಹೆಸರು

ಸರ್ಕಾರ ಇಡುವ ಹೆಸರುಗಳೆಲ್ಲ ಜನರ ಬಾಯಲ್ಲಿ ಉಳಿಯುವುದಿಲ್ಲ. 1870ರಲ್ಲಿ ನಿರ್ಮಾಣವಾದ ಉದ್ಯಾನವೊಂದಕ್ಕೆ ಮೊದಲು ಮೀಡ್ ಎಂಬ ಅಧಿಕಾರಿಯ ಹೆಸರಿತ್ತು. ಆಮೇಲೆ ಅದು ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ನರ ಹೆಸರನ್ನು ಪಡೆಯಿತು. 1927ರಲ್ಲಿ ಶ್ರೀ ಚಾಮರಾಜೇಂದ್ರ ಉದ್ಯಾನವೆಂದು ಮತ್ತೆ ನಾಮಕರಣವಾಯಿತು. ಅಂದಿನಿಂದ ಕಾಗದದಲ್ಲಿ ಚಾಮರಾಜೇಂದ್ರ ಉದ್ಯಾನ, ಬಾಯಲ್ಲಿ ಕಬ್ಬನ್ ಪಾರ್ಕ್. 2016ರಲ್ಲಿ ಅಲ್ಲಿ ಮೆಟ್ರೊ ನಿಲ್ದಾಣ ತೆರೆದಾಗ ಫಲಕದ ಮೇಲೆ ಬಂದುದು ಬಾಯಲ್ಲಿದ್ದ ಹೆಸರೇ. ಫ್ರೇಜರ್ ಟೌನ್ ಪುಲಿಕೇಶಿನಗರವಾಯಿತು. ನಮ್ಮ ಬಂಧುಗಳು ಅಲ್ಲಿಂದ ಮದುವೆಯ ಕರೆಯೋಲೆ ಕಳಿಸುವಾಗ ಯಾವ ಹೆಸರನ್ನು ಅಚ್ಚು ಹಾಕಿಸುತ್ತಾರೆಂಬುದು ನಿಮಗೆ ಗೊತ್ತು. ಆದರೆ 1948ರಲ್ಲಿ ಸೌತ್ ಪರೇಡಿಗೆ ಇಟ್ಟ ಮಹಾತ್ಮ ಗಾಂಧಿಯವರ ಹೆಸರನ್ನು ಜನರು ಮನಸಾರೆ ಒಪ್ಪಿಕೊಂಡರು. ಹೊಸ ಹೆಸರು ಬೇರೂರುವುದೇ ಇಲ್ಲವೆಂದಲ್ಲ; ಆಜ್ಞೆಯಿಂದ ಮಾತ್ರ ಬೇರೂರದು.

ಮೆಜೆಸ್ಟಿಕ್ ಇನ್ನೊಂದು ಉದಾಹರಣೆ. ಅಲ್ಲಿ ಧರ್ಮಾಂಬುಧಿ ಎಂಬ ಕೆರೆಯಿತ್ತು. ಕೆರೆ ಬತ್ತಿ, ಅದರ ಅಂಗಳದಲ್ಲಿ ಬಸ್ ನಿಲ್ದಾಣ ಬಂತು. ಹತ್ತಿರದ ಒಂದು ಚಿತ್ರಮಂದಿರದ ಹೆಸರು ಇಡೀ ಪ್ರದೇಶಕ್ಕೆ ಅಂಟಿಕೊಂಡಿತು. ಆ ಚಿತ್ರಮಂದಿರವೂ ಈಗಿಲ್ಲ. ಮೆಟ್ರೊ ನಿಲ್ದಾಣಕ್ಕೆ ನಾಡಪ್ರಭು ಕೆಂಪೇಗೌಡರ ಹೆಸರನ್ನು ಇಟ್ಟಾಗಲೂ ಪಕ್ಕದಲ್ಲಿ ‘ಮೆಜೆಸ್ಟಿಕ್’ ಎಂಬುದನ್ನು ಉಳಿಸಿಕೊಳ್ಳಬೇಕಾಯಿತು. 1537ರಲ್ಲಿ ಈ ನಗರಕ್ಕೆ ಅಡಿಪಾಯ ಹಾಕಿದ ಪುಣ್ಯಾತ್ಮನಿಗೆ ಅದು ಅಗೌರವವಲ್ಲ. ಹಳ್ಳಿಯಿಂದ ಮೊದಲ ಬಾರಿಗೆ ಬಂದಿಳಿಯುವ ಅಜ್ಜಿಗೆ ಯಾರೋ ‘ಮೆಜೆಸ್ಟಿಕ್ಕಿನಲ್ಲಿ ಇಳಿ’ ಎಂದು ಹೇಳಿ ಕಳಿಸಿರುತ್ತಾರೆ. ಆಕೆ ಫಲಕದಲ್ಲಿ ಹುಡುಕುವುದು ಆ ಮಾತನ್ನೇ.

ಹಳಿಯ ಮೇಲಿನ ಹೆಸರುಗಳು

‘ನಮ್ಮ ಮೆಟ್ರೊ’ದ ಮೊದಲ ರೈಲು 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಮಹಾತ್ಮ ಗಾಂಧಿ ರಸ್ತೆಯವರೆಗೆ ಓಡಿತು. ಆ ದಾರಿಯಲ್ಲಿ ಎರಡು ನಿಲ್ದಾಣಗಳನ್ನು ಗಮನಿಸಿ. ಒಂದು ಹಲಸೂರು. ಇಂಗ್ಲಿಷರ ನಾಲಗೆಯಲ್ಲಿ ‘ಅಲ್ಸೂರ್’ ಆಗಿದ್ದ ಊರಿನ ಹೆಸರು ಇಲ್ಲಿ ಮರಳಿ ಕನ್ನಡದ್ದಾಯಿತು. ಮತ್ತೊಂದು ಟ್ರಿನಿಟಿ. ದಂಡು ಪ್ರದೇಶದಲ್ಲಿ 19ನೆಯ ಶತಮಾನದ ಮಧ್ಯದಲ್ಲಿ ಕಟ್ಟಿದ ಪವಿತ್ರ ತ್ರಿತ್ವದ ದೇವಾಲಯ, ಅದರಿಂದ ವೃತ್ತಕ್ಕೆ ಬಂದ ಹೆಸರು, ವೃತ್ತದಿಂದ ನಿಲ್ದಾಣಕ್ಕೆ ಬಂದ ಹೆಸರು. ದಕ್ಷಿಣ ಭಾರತ ಸಭೆಯ ಸಹೋದರರ ಈ ದೇವಾಲಯದ ಹೆಸರನ್ನು, ಅಂದರೆ ಪಿತ, ಸುತ, ಪವಿತ್ರಾತ್ಮರ ನಾಮವನ್ನು, ಎಲ್ಲ ಮತದವರೂ ದಿನವೂ ಹೇಳಿ ಇಳಿದು ಹೋಗುತ್ತಾರೆ. ಅದು ಅಲ್ಲಿಗೆ ಯಾರನ್ನೋ ಗೌರವಿಸಲೆಂದು ಬಂದುದಲ್ಲ. ಆ ಜಾಗದ ಗುರುತೇ ಅದಾಗಿತ್ತು. ಗುರುತು ಹಾಗೂ ಗೌರವಗಳ ನಡುವಣ ಈ ಭೇದವನ್ನು ದಯವಿಟ್ಟು ನೆನಪಿನಲ್ಲಿಡಿ. ಮುಂದೆ ಇದಕ್ಕೆ ಮರಳಿ ಬರುತ್ತೇವೆ.

ಗೌರವದ ಹೆಸರುಗಳು ಮೆಲ್ಲಮೆಲ್ಲನೆ ಸೇರತೊಡಗಿದವು. ವಿಧಾನಸೌಧದ ನಿಲ್ದಾಣಕ್ಕೆ ಡಾ. ಬಿ. ಆರ್. ಅಂಬೇಡ್ಕರ್, ಸೆಂಟ್ರಲ್ ಕಾಲೇಜಿಗೆ ಸರ್ ಎಂ. ವಿಶ್ವೇಶ್ವರಯ್ಯ, ಹೊಸಹಳ್ಳಿಗೆ ಶ್ರೀ ಬಾಲಗಂಗಾಧರನಾಥ ಸ್ವಾಮೀಜಿ, ನಗರ ರೈಲು ನಿಲ್ದಾಣಕ್ಕೆ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ. ಎಲ್ಲರೂ ನಾಡಿನ ಕೃತಜ್ಞತೆಗೆ ಪಾತ್ರರೇ. 2025ರ ಅಕ್ಟೋಬರಿನಲ್ಲಿ ಇಡೀ ಮೆಟ್ರೊಗೇ ಬಸವಣ್ಣನವರ ಹೆಸರಿಡುವ ಮಾತು ಬಂತು.

ಇದರ ಜೊತೆಗೆ ಹಣದ ಹೆಸರುಗಳೂ ಬಂದವು. ನಮ್ಮ ಪಾಲಿನ ನಿಲ್ದಾಣವನ್ನೇ ನೋಡಿ: ‘ಮಂತ್ರಿ ಸ್ಕ್ವೇರ್ ಸಂಪಿಗೆ ರಸ್ತೆ’. ಮರದ ಹೆಸರಿಗಿಂತ ಮೊದಲು ಅಂಗಡಿ ಸಮುಚ್ಚಯದ ಹೆಸರು. 2025ರ ಆಗಸ್ಟ್ 10ರಂದು ಉದ್ಘಾಟನೆಯಾದ ಹಳದಿ ಮಾರ್ಗದಲ್ಲಿ ಇನ್ಫೋಸಿಸ್ ಫೌಂಡೇಷನ್ ಕೋನಪ್ಪನ ಅಗ್ರಹಾರ, ಬಯೋಕಾನ್ ಹೆಬ್ಬಗೋಡಿ, ಡೆಲ್ಟಾ ಎಲೆಕ್ಟ್ರಾನಿಕ್ಸ್ ಬೊಮ್ಮಸಂದ್ರ ಎಂಬ ಫಲಕಗಳನ್ನು ಕಾಣಬಹುದು. ಕೋನಪ್ಪನ ಅಗ್ರಹಾರದ ನಿಲ್ದಾಣಕ್ಕೆ 200 ಕೋಟಿ ರೂಪಾಯಿ ನೀಡುವ ಒಪ್ಪಂದ 2018ರಲ್ಲಿ ಆಗಿತ್ತು. ಇದನ್ನು ಸುಮ್ಮನೆ ಹಳಿಯುವುದು ನ್ಯಾಯವಲ್ಲ. ಆ ಹಣ ಸಾರ್ವಜನಿಕರ ಹೊರೆಯನ್ನು ತಗ್ಗಿಸಿದೆ, ಊರಿನ ಹೆಸರೂ ಅಳಿಯದೆ ಉಳಿದಿದೆ. ಆದರೆ ಮೊದಲ ಸ್ಥಾನ ಯಾರದು ಎಂಬ ಪ್ರಶ್ನೆಯಂತೂ ಉಳಿಯುತ್ತದೆ.

ಈ ಪ್ರಶ್ನೆಯನ್ನು ಹೊರಗಿನವರಿಗೆ ಕೇಳುವ ಮೊದಲು ನಮ್ಮ ದೇವಾಲಯಗಳ ಒಳಗೊಮ್ಮೆ ಕಣ್ಣಾಡಿಸೋಣ. ಬೆಂಚಿನ ಬೆನ್ನಿಗೆ ದಾನಿಯ ಹೆಸರು, ಫ್ಯಾನಿನ ರೆಕ್ಕೆಗೆ ದಾನಿಯ ಹೆಸರು, ಕೆಲವೊಮ್ಮೆ ಬೆಳಕು ಕಾಣದಷ್ಟು ದೊಡ್ಡದಾಗಿ ದೀಪದ ಗಾಜಿನ ಮೇಲೂ ದಾನಿಯ ಹೆಸರು! ಬಲಗೈ ಕೊಟ್ಟದ್ದನ್ನು ಎಡಗೈ ಅರಿಯದಿರಲಿ ಎಂದು ಕಲಿಸಿದ ಯೇಸುಸ್ವಾಮಿಯ ಮನೆಯಲ್ಲೇ ಹೀಗಿರುವಾಗ, ನಿಲ್ದಾಣದ ಫಲಕದ ಬಗ್ಗೆ ನಾವು ಗಟ್ಟಿಯಾಗಿ ಮಾತನಾಡುವ ಮುನ್ನ ಸ್ವಲ್ಪ ಯೋಚಿಸಬೇಕಾಗುತ್ತದೆ.

ಬೇರೆ ನಗರಗಳ ಅನುಭವ

ಲಂಡನ್ನಿನಲ್ಲಿ ‘ಬ್ಲ್ಯಾಕ್‌ಫ್ರಯರ್ಸ್’ ಎಂಬ ನಿಲ್ದಾಣವಿದೆ. ಕಪ್ಪು ಮೇಲಂಗಿಯ ಸನ್ಯಾಸಿಗಳು ಎಂದು ಅದರ ಅರ್ಥ; ಅಂದರೆ ಸಂತ ದೋಮಿನಿಕರ ಸಭೆಯವರು. ಎಂಟನೆಯ ಹೆನ್ರಿಯ ಆಳ್ವಿಕೆಯಲ್ಲಿ, 1538ರಲ್ಲಿ, ಅವರ ಮಠವನ್ನು ಮುಚ್ಚಿಸಲಾಯಿತು. ಸನ್ಯಾಸಿಗಳು ಚದುರಿಹೋದರು, ಮಠದ ಗೋಡೆಗಳು ಬಿದ್ದವು. ಆದರೂ ಆ ನೆಲವನ್ನು ಜನ ಹಾಗೆಯೇ ಕರೆಯುತ್ತ ಬಂದರು. ಮೂರು ಶತಮಾನಗಳ ನಂತರ ನೆಲದಡಿಯ ರೈಲು ಬಂದಾಗ ಅದೇ ಹೆಸರು ನಿಲ್ದಾಣದ್ದಾಯಿತು. ಪ್ಯಾರಿಸ್ಸಿನ ಮೊಂಮಾರ್ತ್ರ್ ಗುಡ್ಡದ ಬಳಿ ‘ಅಬೆಸ್’ ಎಂಬ ನಿಲ್ದಾಣವಿದೆ. ಅಲ್ಲಿದ್ದ ಬೆನೆಡಿಕ್ಟಿನ್ ಕನ್ಯಾಮಠದ ಮಠಾಧ್ಯಕ್ಷೆಯರ ನೆನಪು ಅದು. ಫ್ರೆಂಚ್ ಕ್ರಾಂತಿಯಲ್ಲಿ ಆ ಮಠವೂ ನಾಶವಾಯಿತು. ರಾಜನ ಆಜ್ಞೆಗೂ ಕ್ರಾಂತಿಯ ಬಿರುಗಾಳಿಗೂ ಅಳಿಯದ ಈ ಹೆಸರುಗಳನ್ನು ಉಳಿಸಿದವರು ಹಾದಿ ಕೇಳುವ, ಹಾದಿ ಹೇಳುವ ಸಾಮಾನ್ಯ ಜನರು.

ನಮ್ಮ ನೆರೆಯ ಚೆನ್ನೈಯಲ್ಲಿ 2020ರಲ್ಲಿ ಮೂರು ಪ್ರಮುಖ ಮೆಟ್ರೊ ನಿಲ್ದಾಣಗಳಿಗೆ ಮೂವರು ಮಾಜಿ ಮುಖ್ಯಮಂತ್ರಿಗಳ ಹೆಸರುಗಳನ್ನು ಇಡಲಾಯಿತು. ಆದರೂ ಸೆಂಟ್ರಲ್‌ಗೆ ಹೋಗುವವರು ಸೆಂಟ್ರಲ್ ಎಂದೇ ಟಿಕೆಟ್ ಕೇಳುವುದು ಸಹಜ.

ಕಾಣಿಕೆ ಮಾತೆಯ ನೆರಳಿನಲ್ಲಿ

ಈಗ ಶಿವಾಜಿನಗರಕ್ಕೆ ಬರೋಣ. ಕಾಳೇನ ಅಗ್ರಹಾರದಿಂದ ನಾಗವಾರದವರೆಗಿನ ಗುಲಾಬಿ ಮಾರ್ಗದಲ್ಲಿ ಶಿವಾಜಿನಗರದ ನಿಲ್ದಾಣ ನೆಲದಡಿಯಲ್ಲಿದೆ. ಶಿವಾಜಿನಗರ ಎಂಬುದೂ ಹಳೆಯ ಹೆಸರಲ್ಲ. ನಮ್ಮ ಅಜ್ಜ ಅಜ್ಜಿಯರು ಅದನ್ನು ಬ್ಲ್ಯಾಕ್‌ಪಲ್ಲಿ ಎನ್ನುತ್ತಿದ್ದರು. ‘ಬಿಳಿ ಅಕ್ಕಿ ಪಳ್ಳಿ’ ಎಂಬುದೇ ದಂಡಿನವರ ಬಾಯಲ್ಲಿ ಹಾಗಾಯಿತೆಂದು ಹೇಳುವುದುಂಟು. ಆ ಮಾತು ನಿಜವಾಗಿದ್ದರೆ ಎಷ್ಟು ಚೆನ್ನ! ಬೆತ್ಲೆಹೇಮ್ ಎಂಬುದಕ್ಕೆ ಹೀಬ್ರೂ ಭಾಷೆಯಲ್ಲಿ ‘ರೊಟ್ಟಿಯ ಮನೆ’ ಎಂದು ಅರ್ಥ. ಬೆಂಗಳೂರಿನಲ್ಲಿ ಆ ತಾಯಿ ನೆಲೆ ನಿಂತುದು ಅಕ್ಕಿಯ ಹಳ್ಳಿಯಲ್ಲಿ.

1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ ಮೈಸೂರು ಸೀಮೆಯ ಕ್ರೈಸ್ತರನ್ನು ಒಗ್ಗೂಡಿಸಲು ಬಂದ ಫ್ರೆಂಚ್ ಗುರುಗಳು ಅಬ್ಬೆ ದುಬುವಾ. ಜನರು ಅವರನ್ನು ‘ದೊಡ್ಡಸ್ವಾಮಿಯವರು’ ಎಂದು ಕರೆದರು. 1818ರಲ್ಲಿ ಅವರು ಇಲ್ಲಿ ಹುಲ್ಲು ಹೊದಿಸಿದ ಒಂದು ಚಿಕ್ಕ ಪ್ರಾರ್ಥನಾಲಯವನ್ನು ಸ್ಥಾಪಿಸಿದರು. ಅದು ಕಾಣಿಕೆ ಮಾತೆಯ ಗುಡಿ ಎಂದು ಹೆಸರಾಯಿತು. ಅದೇ ಬೆಳೆದು, ಇಂದು ನಾವು ಕಾಣುವ ಗೋಪುರದ ಭವ್ಯ ದೇವಾಲಯವಾಗಿ 1882ರ ಸೆಪ್ಟೆಂಬರ್ 8ರಂದು ಅಭಿಷಿಕ್ತವಾಯಿತು. 1973ರಲ್ಲಿ ಬೆಸಿಲಿಕಾ ಎಂಬ ಪದವಿಯನ್ನು ಪಡೆಯಿತು. ಪ್ರತಿವರ್ಷ ಆಗಸ್ಟ್ 29ರಂದು ಧ್ವಜಾರೋಹಣವಾಗಿ ನವೇನ ಆರಂಭವಾದರೆ, ಹಬ್ಬದ ದಿನದವರೆಗೆ ಆ ಬೀದಿಗಳಲ್ಲಿ ಹರಿಯುವ ಜನಸಾಗರದಲ್ಲಿ ಯಾರು ಯಾವ ಮತದವರೆಂದು ಎಣಿಸಲಾಗದು. ಮೇಣದ ಬತ್ತಿ ಹಿಡಿದ ಹಿಂದೂ ತಾಯಂದಿರು, ಮಗುವನ್ನು ಎತ್ತಿಕೊಂಡು ಬಂದ ಮುಸಲ್ಮಾನ ದಂಪತಿಗಳು, ಕೇಸರಿ ಸೀರೆಯುಟ್ಟ ಹರಕೆಯವರು, ಎಲ್ಲರಿಗೂ ಆಕೆ ಅಮ್ಮನೇ.

ಹೀಗಿರುವಾಗ, ‘ಎಲ್ಲರ ಹೆಸರೂ ಫಲಕಕ್ಕೆ ಬರುತ್ತದೆ, ನಮ್ಮ ಅಮ್ಮನ ಹೆಸರು ಬಂದರೆ ಮಾತ್ರ ಏಕೆ ಆಕ್ಷೇಪ?’ ಎಂಬ ಪ್ರಶ್ನೆ ನಿಮ್ಮ ಮನೆಯಲ್ಲೂ ಎದ್ದಿರಬಹುದು. ಅದು ಅನ್ಯಾಯದ ಪ್ರಶ್ನೆಯಲ್ಲ. ಇನ್ನೂರು ವರ್ಷಗಳಿಗೂ ಮಿಕ್ಕಿ ಒಂದೇ ನೆಲದಲ್ಲಿ ನಿಂತ ದೇವಾಲಯಕ್ಕೆ ಆ ನೆಲದ ಮೇಲೆ ಹಕ್ಕಿಲ್ಲವೆಂದು ಯಾರೂ ಹೇಳಲಾರರು. ಅಲ್ಪಸಂಖ್ಯಾತರು ಏನು ಕೇಳಿದರೂ ಅನುಮಾನದಿಂದ ನೋಡುವುದು ನೋವಿನ ಸಂಗತಿಯೇ.

ಆದರೆ ನಾವು ಏನನ್ನು ಕೇಳುತ್ತಿದ್ದೇವೆ ಎಂಬುದರಲ್ಲಿ ನಮಗೇ ಸ್ಪಷ್ಟತೆ ಬೇಕು. ಗೌರವವೆಂದು ಕೇಳಿದರೆ ಅದು ಪಾಲು ಕೇಳಿದಂತೆ. ಒಬ್ಬರಿಗೆ ಸಿಕ್ಕ ಗೌರವವನ್ನು ಮತ್ತೊಬ್ಬರಿಂದ ಕಿತ್ತುಕೊಂಡಂತೆ ಕಾಣುತ್ತದೆ. ಶಿವಾಜಿಯ ಅಭಿಮಾನಿಗಳಿಗೆ ಹಾಗೆ ಕಂಡದ್ದರಲ್ಲಿ ಆಶ್ಚರ್ಯವಿಲ್ಲ. ಗುರುತೆಂದು ಕೇಳಿದರೆ ಮಾತೇ ಬೇರೆ. ‘ಶಿವಾಜಿನಗರ’ ಎಂಬ ಹೆಸರು ಮೊದಲಿರಲಿ, ಏಕೆಂದರೆ ಆ ಪ್ರದೇಶ ಇಂದು ಜನರ ಬಾಯಲ್ಲಿ ಅದೇ ಆಗಿದೆ. ಅದರ ಜೊತೆಗೆ ‘ಸಂತ ಮೇರಿ ಬೆಸಿಲಿಕಾ’ ಎಂದು ಇರಲಿ, ಏಕೆಂದರೆ ದೂರದ ಊರುಗಳಿಂದ ಹರಕೆ ಹೊತ್ತು ಬರುವ ಯಾತ್ರಿಕರು ಇಳಿಯಬೇಕಾದುದು ಅಲ್ಲಿಯೇ. ಸೋಪ್ ಫ್ಯಾಕ್ಟರಿಯ ಹೆಸರು, ನ್ಯಾಷನಲ್ ಕಾಲೇಜಿನ ಹೆಸರು, ಟ್ರಿನಿಟಿಯ ಹೆಸರು ನಿಲ್ದಾಣಗಳಿಗೆ ಬಂದುದು ಇದೇ ನ್ಯಾಯದಿಂದ. ಈ ಬೇಡಿಕೆ ಯಾರ ಹೆಸರನ್ನೂ ಅಳಿಸುವುದಿಲ್ಲ. ಇದು ಸಮ್ಮತವಾದರೆ ಸಂತೋಷ. ಆಗದಿದ್ದರೂ ಅಮ್ಮನ ಮನೆಯ ದಾರಿ ಯಾರಿಗೂ ತಪ್ಪದು.

ಬಾವಿಗಳ ಪಾಠ

ಆದಿಕಾಂಡದ 26ನೆಯ ಅಧ್ಯಾಯವನ್ನು ಮನೆಯಲ್ಲಿ ಒಮ್ಮೆ ಓದಿ ನೋಡಿ. ಅಬ್ರಹಾಮನು ತೋಡಿಸಿದ್ದ ಬಾವಿಗಳನ್ನು ಫಿಲಿಷ್ಟಿಯರು ಮಣ್ಣು ತುಂಬಿ ಮುಚ್ಚಿದ್ದರು. ಮಗ ಇಸಾಕನು ಅವುಗಳನ್ನು ಮತ್ತೆ ತೋಡಿಸಿದನು. ಆಗ ಅವನು ಹೊಸ ಹೆಸರುಗಳನ್ನು ಇಡಲಿಲ್ಲ, ತನ್ನ ಹೆಸರನ್ನೂ ಇಟ್ಟುಕೊಳ್ಳಲಿಲ್ಲ. ತಂದೆ ಇಟ್ಟಿದ್ದ ಹೆಸರುಗಳನ್ನೇ ಮರಳಿ ಇಟ್ಟನು. ಬಾವಿ ನೀರಿಗಾಗಿ, ಹೆಸರು ಬಾಯಾರಿದವನು ಅದನ್ನು ಗುರುತಿಸುವುದಕ್ಕಾಗಿ.

ಅನಂತರ ಅವನ ಸೇವಕರು ಹೊಸ ಬಾವಿಯೊಂದನ್ನು ತೋಡಿದರು. ಗೆರಾರಿನ ಕುರುಬರು ಬಂದು ನೀರು ತಮ್ಮದೆಂದು ಜಗಳ ತೆಗೆದರು. ಆ ಬಾವಿಗೆ ‘ಜಗಳ’ ಎಂಬ ಅರ್ಥದ ಏಸೆಕ್ ಎಂಬ ಹೆಸರಾಯಿತು. ಇನ್ನೊಂದನ್ನು ತೋಡಿದರು, ಅದಕ್ಕೂ ವ್ಯಾಜ್ಯ. ಅದು ‘ಹಗೆತನ’ ಎಂಬ ಅರ್ಥದ ಸಿಟ್ನಾ ಆಯಿತು. ಇಸಾಕನು ಕೈಚೆಲ್ಲಲಿಲ್ಲ, ಕಾದಾಡಲೂ ಇಲ್ಲ. ಮುಂದೆ ಹೋಗಿ ಮೂರನೆಯದನ್ನು ತೋಡಿದನು. ಅದಕ್ಕಾಗಿ ಯಾರೂ ಜಗಳವಾಡಲಿಲ್ಲ. ಎಲ್ಲರಿಗೂ ಸ್ಥಳವುಂಟೆಂಬ ಅರ್ಥದಲ್ಲ‍ಿ ಅದಕ್ಕೆ ರೆಹೋಬೋತ್ ಎಂದು ಹೆಸರಿಟ್ಟನು.

ಇದಕ್ಕೆ ಎದುರಾದ ಇನ್ನೊಂದು ಚಿತ್ರ ಸಮುವೇಲನ ಎರಡನೆಯ ಗ್ರಂಥದಲ್ಲಿದೆ. ದಾವೀದನ ಮಗ ಅಬ್ಷಾಲೋಮನು ತನ್ನ ಹೆಸರನ್ನು ಉಳಿಸಲು ಮಗನಿಲ್ಲವೆಂದು, ಬದುಕಿರುವಾಗಲೇ ರಾಜರ ಕಣಿವೆಯಲ್ಲಿ ಕಂಬವೊಂದನ್ನು ನಿಲ್ಲಿಸಿ ಅದಕ್ಕೆ ತನ್ನ ಹೆಸರನ್ನೇ ಇಟ್ಟನು. ಆ ಕಂಬದ ನೆರಳಿನಲ್ಲಿ ದಣಿದವನು ಕುಳಿತನೆಂದಾಗಲಿ, ಬಾಯಾರಿದವನು ನೀರು ಕುಡಿದನೆಂದಾಗಲಿ ಗ್ರಂಥ ಹೇಳುವುದಿಲ್ಲ.

ನಿಲ್ದಾಣವೆಂಬುದು ಬಾವಿಯಂತೆ, ಕಂಬದಂತಲ್ಲ. ಜನರು ಬಂದು ತಮ್ಮ ಅಗತ್ಯ ತೀರಿಸಿಕೊಂಡು ಹೋಗುವ ಜಾಗವದು. ಆದ್ದರಿಂದ ಹೊಸ ನಿಲ್ದಾಣಗಳಿಗೆ ಹೆಸರಿಡುವಾಗ ಕೆಲವು ಸರಳ ನಿಯಮಗಳು ಸಾಕೆಂದು ತೋರುತ್ತದೆ. ಊರಿನ, ಕೆರೆಯ, ಬೀದಿಯ ಹೆಸರು ಮೊದಲು ಬರಲಿ. ಮಹನೀಯರ ಹೆಸರನ್ನು ಇಡುವುದಾದರೆ ಆ ನೆಲಕ್ಕೂ ಅವರಿಗೂ ಸಂಬಂಧವಿರಲಿ, ಹಾಗೂ ಅದು ನೆಲದ ಹೆಸರನ್ನು ಮುಚ್ಚದಿರಲಿ. ಹಣ ಕೊಟ್ಟವರಿಗೆ ಕೃತಜ್ಞತೆ ಸಲ್ಲಲಿ, ಆದರೆ ಅದು ಊರಿನ ಹೆಸರಿನ ಕೆಳಗಿರಲಿ. ಹೆಸರು ಒಂದೇ ಉಸಿರಿನಲ್ಲಿ ಹೇಳುವಷ್ಟು ಚಿಕ್ಕದಾಗಿರಲಿ. ಕನ್ನಡದಲ್ಲಿ ತಪ್ಪಿಲ್ಲದೆ ಬರೆದಿರಲಿ, ಸರಿಯಾಗಿ ಉಚ್ಚರಿಸಿರಲಿ. 2017ರಲ್ಲಿ ನಿಲ್ದಾಣಗಳ ಹಿಂದಿ ಫಲಕಗಳ ವಿರುದ್ಧ ಕನ್ನಡಿಗರು ದನಿಯೆತ್ತಿದ್ದು ನಿಮಗೆ ನೆನಪಿರಬಹುದು. ಭಾಷೆಗಾಗಿ ತೋರಿದ ಆ ಕಾಳಜಿಯನ್ನು ಹೆಸರಿನ ಬೇರಿಗಾಗಿಯೂ ತೋರಬೇಕಾಗಿದೆ.

ನಮ್ಮ ಪಾಲಿನ ಕೆಲಸ

ಮಗುವಿಗೆ ಜ್ಞಾನಸ್ನಾನ ಕೊಡಿಸಲು ದೇವಾಲಯದ ಬಾಗಿಲಿಗೆ ಬಂದಾಗ ಗುರುಗಳು ಮೊದಲು ಕೇಳುವುದು ಹೆಸರನ್ನು. ಆ ಮಗು ಇನ್ನೂ ಯಾವ ಸಾಧನೆಯನ್ನೂ ಮಾಡಿರುವುದಿಲ್ಲ. ಹೆಸರು ಅದಕ್ಕೆ ಬಹುಮಾನವಲ್ಲ. ಅದು ಯಾರ ಮಗು, ಯಾವ ಸಂತರ ಆಶ್ರಯದಲ್ಲಿದೆ ಎಂಬ ಗುರುತು. ಆ ಹೆಸರಿನೊಡನೆ ಗುರುಗಳು ದಾಖಲೆ ಪುಸ್ತಕದಲ್ಲಿ ತಂದೆತಾಯಿಯರ ಹೆಸರನ್ನೂ ಊರಿನ ಹೆಸರನ್ನೂ ಬರೆಯುತ್ತಾರೆ. ಹಳೆಯ ಧರ್ಮಕೇಂದ್ರಗಳ ಇಂತಹ ಪುಸ್ತಕಗಳಲ್ಲಿ, ನಗರ ನುಂಗಿಹಾಕಿದ ಎಷ್ಟೋ ಹಳ್ಳಿಗಳ, ಕೇರಿಗಳ, ತೋಟಗಳ ಹೆಸರುಗಳು ಮೌನವಾಗಿ ಮಲಗಿವೆ. ಕಾಡು ಮಲ್ಲೇಶ್ವರದ ಕಲ್ಲು ಮೇದರನಿಂಗನಹಳ್ಳಿಯನ್ನು ಉಳಿಸಿದಂತೆ ಈ ಪುಸ್ತಕಗಳೂ ಅನೇಕ ಹೆಸರುಗಳನ್ನು ಉಳಿಸಿರಬಹುದು.

ನಿಲ್ದಾಣಕ್ಕೆ ನಮ್ಮ ಹೆಸರು ಬೇಕೆಂದು ಕೇಳುವುದಕ್ಕಿಂತ ಮೊದಲು ನಾವು ಮಾಡಬಹುದಾದ ಸೇವೆ ಇದು. ಗುರುಗಳ ಅನುಮತಿ ಪಡೆದು ಯುವಜನರು ಆ ಪುಸ್ತಕಗಳಿಂದ ಊರುಗಳ ಹೆಸರುಗಳನ್ನಷ್ಟೇ ಪಟ್ಟಿ ಮಾಡಲಿ. ಕುಟುಂಬದ ಹಿರಿಯರನ್ನು ಕೂರಿಸಿಕೊಂಡು, ಈ ಬೀದಿಗೆ ಮುಂಚೆ ಏನೆನ್ನುತ್ತಿದ್ದರು, ಬಾವಿ ಎಲ್ಲಿತ್ತು, ಕೆರೆ ಎಲ್ಲಿತ್ತು ಎಂದು ಮಕ್ಕಳು ಕೇಳಲಿ. ಹೊಸ ಮಾರ್ಗಗಳ ಯೋಜನೆಯಾಗುವಾಗ ಆ ಪಟ್ಟಿಯನ್ನು ಸರ್ಕಾರದ ಮುಂದಿಟ್ಟು, ‘ಇಗೋ, ಈ ನೆಲದ ಹೆಸರುಗಳು, ಇವು ಎಲ್ಲರವು’ ಎಂದು ಹೇಳುವವರು ಕ್ರೈಸ್ತರಾಗಿದ್ದರೆ, ಅದಕ್ಕಿಂತ ದೊಡ್ಡ ಸಾಕ್ಷ್ಯ ಬೇರೇನಿದೆ? ಇತರರ ತಂದೆತಾತಂದಿರ ಬಾವಿಗಳನ್ನೂ ತೋಡಿಕೊಡುವವರು ತಮ್ಮ ಅಮ್ಮನ ಮನೆಗೊಂದು ದಾರಿಫಲಕ ಕೇಳಿದಾಗ, ಅದನ್ನು ಹಗೆತನವೆಂದು ಭಾವಿಸುವವರು ಕಡಿಮೆಯಾದಾರು.

ಪ್ರಿಯ ಓದುಗರೇ, ಮುಂದಿನ ಸಲ ಮಕ್ಕಳ ಕೈಹಿಡಿದು ಸಂಪಿಗೆ ರಸ್ತೆಯ ನಿಲ್ದಾಣದ ಮೆಟ್ಟಿಲು ಹತ್ತುವಾಗ, ನಮ್ಮ ಬಡಾವಣೆಗೆ ವೈಯಾಲಿಕಾವಲ್ ಎಂದು ಏಕೆ ಹೆಸರು ಬಂತೆಂದು ಅವರನ್ನು ಕೇಳಿ. ಗೊತ್ತಿಲ್ಲವೆಂದರೆ ಹುಲ್ಲುಗಾವಲಿನ, ಕುದುರೆಗಳ ಕಥೆಯನ್ನು ಹೇಳಿ. ಶಿವಾಜಿನಗರದ ಹಬ್ಬಕ್ಕೆ ಹೊರಟಾಗ ಏಕೋಜಿಯ ದಾನದ ಕಥೆಯನ್ನೂ ದೊಡ್ಡಸ್ವಾಮಿಯವರ ಹುಲ್ಲಿನ ಗುಡಿಯ ಕಥೆಯನ್ನೂ ಒಟ್ಟಿಗೇ ಹೇಳಿ. ಎರಡೂ ಒಂದೇ ಊರಿನ ಕಥೆಗಳೆಂದು ಅವರು ತಿಳಿದು ಬೆಳೆಯಲಿ.